ನಿಂತ ಕಾರಿಗೆ ಮೊದಲು ಜಂಪರ್ ಕೇಬಲ್ ಹಾಕಲು ಬಿಡಬೇಡಿ

ವರ್ಷಗಟ್ಟಲೆ ಅಲುಗಾಡದೆ ನಿಂತಿದ್ದ ಕಾರಿನ ಮುಂದೆ ಯಾರಾದರೂ ಜಂಪರ್ ಕೇಬಲ್ (ಬೇರೆ ಬ್ಯಾಟರಿಯಿಂದ ಕರೆಂಟ್ ತರುವ ತಂತಿ) ಹಿಡಿದುಕೊಂಡು, ‘ಮೊದಲು ಸ್ಟಾರ್ಟ್ ಆಗುತ್ತದೋ ನೋಡೋಣ, ಮಿಕ್ಕಿದ್ದು ಆಮೇಲೆ’ ಎಂದರೆ ಅವರನ್ನು ಅಲ್ಲಿಯೇ ತಡೆಯಿರಿ. ಇಂಜಿನ್ ಸ್ಟಾರ್ಟ್ ಮಾಡುವುದು ಈ ಕೆಲಸದ ಕೊನೆಯ ಹಂತ. ಅದನ್ನೇ ಮೊದಲು ಮಾಡಿದ್ದರಿಂದ ನಮ್ಮ ಮನೆಯಲ್ಲಿ ಒಬ್ಬರ ಕೈ ಮುರಿದಿದೆ. ಇನ್ನೂ ದೊಡ್ಡ ಅನಾಹುತವಾಗದೆ ಉಳಿದದ್ದು ರಸ್ತೆಯ ಪಕ್ಕದಲ್ಲಿ ಮಣ್ಣಿನ ದಿಬ್ಬವೊಂದು ಇದ್ದುದರಿಂದ ಮಾತ್ರ.

ಕಾರು ನಮ್ಮ ಚಿಕ್ಕಪ್ಪನದು, ಪೆಟ್ರೋಲ್ ಗಾಡಿ. ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಅವರು ಓಡಿಸುವುದನ್ನು ಬಿಟ್ಟಿದ್ದರು. ಹ್ಯಾಂಡ್‌ಬ್ರೇಕ್ ಎಳೆದು, ಹೊದಿಕೆ ಹೊದಿಸಿ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿ ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ನಿಂತಿತ್ತು. ಇನ್ನು ಓಡಿಸಬಹುದು ಎಂದು ವೈದ್ಯರು ಹೇಳಿದ ಮೇಲೆ, ಮನೆಗೇ ಬಂದು ರಿಪೇರಿ ಮಾಡಿಕೊಡುವ ಮೆಕ್ಯಾನಿಕ್ ಒಬ್ಬನನ್ನು ಕರೆಸಿದರು. ನಾನು ಹೋಗಿ ನೋಡುವ ಹೊತ್ತಿಗೆ ಬಾನೆಟ್ ಎತ್ತಿತ್ತು, ಕೇಬಲ್ ಬಿದ್ದಿತ್ತು, ಆತ ಬಿಡದೆ ಕೀಲಿ ತಿರುಗಿಸುತ್ತಿದ್ದ. ‘ಪೆಟ್ರೋಲ್ ಹಳೆಯದಾಗಿದೆಯಲ್ಲ, ತೆಗೆಸಬೇಡವೇನಪ್ಪ?’ ಎಂದು ಚಿಕ್ಕಪ್ಪ ಕೇಳಿದ್ದಕ್ಕೆ, ‘ಹೊಸದು ಹಾಕಿಸಿ ಸಾರ್, ಬೆರೆತು ಸರಿಹೋಗುತ್ತದೆ’ ಎಂದ. ಕೊನೆಗೆ ಇಂಜಿನ್ ಹೊತ್ತಿಕೊಂಡಿತು. ಇಡೀ ಗಾಡಿ ನಡುಗುತ್ತಿತ್ತು, ಬಾನೆಟ್ ಒಳಗಿನಿಂದ ಕೂದಲು ಸುಟ್ಟಂಥ ವಾಸನೆ ಬರುತ್ತಿತ್ತು.

ಗೇರ್ ಹಾಕಿದರೆ ಗಾಡಿ ಕದಲಲಿಲ್ಲ. ಹ್ಯಾಂಡ್‌ಬ್ರೇಕ್ ಬಿಟ್ಟಿದ್ದರೂ ಹಿಂದಿನ ಚಕ್ರಗಳು ಕಚ್ಚಿಕೊಂಡಿದ್ದವು. ಆತ ಒಮ್ಮೆ ಫಸ್ಟ್ ಗೇರ್, ಒಮ್ಮೆ ರಿವರ್ಸ್ ಎಂದು ಹಿಂದೆ ಮುಂದೆ ಜಗ್ಗಿದ. ಢಬ್ಬೆಂದು ಸದ್ದಾಗಿ ಚಕ್ರ ಬಿಟ್ಟುಕೊಂಡಿತು. ಬ್ರೇಕ್ ಪೆಡಲ್ ಮೆತ್ತಗಿದೆ ಎಂದಾಗ ಅದನ್ನು ಮತ್ತೆ ಮತ್ತೆ ನೆಲಕ್ಕೆ ಮುಟ್ಟುವವರೆಗೆ ತುಳಿದು ಗಟ್ಟಿ ಮಾಡಿಕೊಟ್ಟ. ‘ತುಕ್ಕು ಹಿಡಿದಿದೆ ಅಷ್ಟೆ, ಓಡಿಸುತ್ತಾ ಓಡಿಸುತ್ತಾ ತಾನಾಗಿ ಹೋಗುತ್ತದೆ’ ಎಂದು ಹೇಳಿ ದುಡ್ಡು ತೆಗೆದುಕೊಂಡು ಹೋದ.

ಅದೇ ಸಂಜೆ ಚಿಕ್ಕಪ್ಪ ಚಿಕ್ಕಮ್ಮನನ್ನು ಕೂರಿಸಿಕೊಂಡು ಹೊರಟರು. ಇಳಿಜಾರಿನಲ್ಲಿ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದರೂ ಹಿಡಿಯಲಿಲ್ಲ. ಗೇರ್ ಇಳಿಸಿ, ಗಾಡಿಯನ್ನು ಪಕ್ಕದ ದಿಬ್ಬಕ್ಕೆ ಉಜ್ಜಿ ನಿಲ್ಲಿಸಿದರು. ಚಿಕ್ಕಮ್ಮನ ಮಣಿಕಟ್ಟು ಮುರಿಯಿತು. ಆ ಇಳಿಜಾರಿನ ಕೊನೆಯಲ್ಲಿ ಮಕ್ಕಳು ರಸ್ತೆ ದಾಟುವ ಜಾಗವಿದೆ. ಅದನ್ನು ನೆನೆದರೆ ನನಗೆ ಈಗಲೂ ಕೈಕಾಲು ತಣ್ಣಗಾಗುತ್ತದೆ.

ಗಾಡಿಯನ್ನು ಬೇರೊಂದು ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ ಒಂದೊಂದೇ ಭಾಗ ಬಿಚ್ಚಿಸಿದಾಗ ನಾನು ಪಕ್ಕದಲ್ಲೇ ಇದ್ದೆ. ಹಿಂದಿನ ಚಕ್ರದೊಡನೆ ತಿರುಗುವ ಡ್ರಮ್ ತೆಗೆದಾಗ, ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಬ್ರೇಕ್ ಶೂವಿನ ಲೈನಿಂಗ್ (ಶೂವಿಗೆ ಅಂಟಿಸಿದ ಪಟ್ಟಿ) ತುಂಡಾಗಿ ಒಳಗೆ ಬಿದ್ದಿತ್ತು. ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಲೈನಿಂಗ್ ತುಕ್ಕಿನೊಡನೆ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಇಂಜಿನ್ನಿನ ಬಲದಿಂದ ಜಗ್ಗಿದಾಗ ಬಿಟ್ಟುಕೊಂಡದ್ದು ಡ್ರಮ್ಮಿನಿಂದಲ್ಲ, ಶೂವಿನಿಂದ. ಆ ಢಬ್ಬೆಂಬ ಸದ್ದು ಅದರದೇ. ಮುಂದಿನ ಒಂದು ಚಕ್ರದಲ್ಲಿ ಬ್ರೇಕ್ ಪ್ಯಾಡನ್ನು ತಳ್ಳುವ ಕ್ಯಾಲಿಪರ್ ಪಿಸ್ಟನ್ ಹಿಂದಕ್ಕೆ ಸರಿಯದೆ ಪ್ಯಾಡ್ ಸದಾ ಡಿಸ್ಕಿಗೆ ಒತ್ತಿಕೊಂಡಿತ್ತು. ಓಡುತ್ತಾ ಓಡುತ್ತಾ ಡಿಸ್ಕ್ ನೀಲಿಗಟ್ಟುವಷ್ಟು ಕಾದಿತ್ತು.

ಆ ಕಾವು ಬ್ರೇಕ್ ಆಯಿಲ್‌ಗೆ ತಲುಪಿದರೆ ಏನಾಗುತ್ತದೆ ಎಂಬುದನ್ನು ಎಲ್ಲರೂ ತಿಳಿದಿರಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಗಾಡಿ ಓಡಲಿ, ನಿಂತಿರಲಿ, ಅದು ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೇವ ಹೀರಿದ ಆಯಿಲ್‌ಗೆ ಅದೇ ಮಾನದಂಡ ನಿಗದಿ ಮಾಡಿರುವ ಕನಿಷ್ಠ ಮಿತಿ 155 ಡಿಗ್ರಿ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳು ತುಂಬುತ್ತವೆ. ಪೆಡಲ್ ತುಳಿದ ಬಲವೆಲ್ಲ ಆ ಗುಳ್ಳೆಗಳನ್ನು ಒತ್ತುವುದಕ್ಕೇ ಖರ್ಚಾಗುತ್ತದೆ, ಚಕ್ರದ ತನಕ ಹೋಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ ಎಂದು ಅನೇಕ ತಯಾರಕರು ಹೇಳುವುದು ಇದಕ್ಕಾಗಿಯೇ.

ಇದರ ಜೊತೆಗೆ, ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೀಲ್ ಕೂಡ ಕಿತ್ತುಹೋಗಿತ್ತು. ದಿನನಿತ್ಯದ ಓಡಾಟದಲ್ಲಿ ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ. ಹಾಗಾಗಿ ಸೀಲ್ ಸಿಲಿಂಡರಿನ ಒಂದಿಷ್ಟು ಭಾಗದಲ್ಲಿ ಮಾತ್ರ ಸರಿದಾಡುತ್ತದೆ. ಅದರಾಚೆಗಿನ ಭಾಗದಲ್ಲಿ ತುಕ್ಕು, ಕಸರು ಕೂತಿರುತ್ತದೆ. ಪೆಡಲ್ ನೆಲ ಮುಟ್ಟುವಂತೆ ತುಳಿದಾಗ ಸೀಲಿನ ಅಂಚು ಆ ಒರಟು ಭಾಗದ ಮೇಲೆ ಉಜ್ಜಿ ಹರಿಯುತ್ತದೆ. ಗ್ಯಾರೇಜಿನವರು ಸೀಲನ್ನು ಬೆರಳಿನ ಮೇಲಿಟ್ಟು ತೋರಿಸಿದರು. ತುಟಿಯಂತಿರುವ ಅಂಚಿನಲ್ಲಿ ಉಗುರಿನಗಲ ಸೀಳು, ಸುತ್ತ ಕಂದು ಬಣ್ಣದ ಪುಡಿ. ಬ್ರೇಕ್ ಗಟ್ಟಿಯಾಯಿತೆಂದು ನಮಗೆ ಅನ್ನಿಸಿದ ಹೊತ್ತಿನಲ್ಲೇ ಅದು ಕೆಡುತ್ತಿತ್ತು. ಹಳೆಯ ಗಾಡಿಯ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸುವಾಗ ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡು, ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ತುಳಿಯಬೇಕು. ಬ್ರೇಕಿನ ರಬ್ಬರ್ ಹೋಸ್‌ಗಳನ್ನೂ ಬದಲಾಯಿಸಿ. ಅವು ಒಳಗೊಳಗೇ ಊದಿಕೊಂಡರೆ ಒತ್ತಡ ಹೋಗುತ್ತದೆ, ವಾಪಸು ಬರುವುದಿಲ್ಲ, ಬ್ರೇಕ್ ಹಿಡಿದೇ ಇರುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ಇನ್ನು ಪೆಟ್ರೋಲ್. ‘ಬೆರೆತು ಸರಿಹೋಗುತ್ತದೆ’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಪೆಟ್ರೋಲಿನ ಬೇಗ ಆವಿಯಾಗುವ ಅಂಶಗಳು ಕೆಲವೇ ತಿಂಗಳುಗಳಲ್ಲಿ ಹಾರಿಹೋಗುತ್ತವೆ. ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟು ಅಂಟಾದ ವಾರ್ನಿಷ್ ಆಗುತ್ತದೆ. ಎಥೆನಾಲ್ ಬೆರೆಸಿದ ಪೆಟ್ರೋಲ್ ಆದರೆ ಎಥೆನಾಲ್ ತೇವವನ್ನು ಎಳೆದುಕೊಳ್ಳುತ್ತದೆ. ನೀರಿನ ಪ್ರಮಾಣ ಒಂದು ಮಿತಿ ದಾಟಿತೆಂದರೆ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಇಂಧನವನ್ನು ಎಳೆಯುವುದು ಆ ತಳದಿಂದಲೇ. ಮೇಲೆ ಎಷ್ಟು ಹೊಸ ಪೆಟ್ರೋಲ್ ಸುರಿದರೂ ಇಂಜಿನ್ನಿಗೆ ಮೊದಲು ಹೋಗುವುದು ಆ ಕೊಳೆಯೇ. ಚಿಕ್ಕಪ್ಪನ ಗಾಡಿಯಿಂದ ತೆಗೆದ ಪೆಟ್ರೋಲನ್ನು ಗಾಜಿನ ಜಾಡಿಗೆ ಸುರಿದಾಗ ಅದು ಕಡು ಕಿತ್ತಳೆ ಬಣ್ಣದಲ್ಲಿತ್ತು, ಬಣ್ಣದ ಡಬ್ಬಿ ತೆರೆದಂಥ ಹುಳಿವಾಸನೆ. ಇಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳು ಕಟ್ಟಿಕೊಂಡಿದ್ದವು, ಪಂಪ್ ಸುಟ್ಟಿತ್ತು. ಟ್ಯಾಂಕನ್ನು ಇಳಿಸಿಯೋ, ಪಂಪನ್ನು ಹೊರತೆಗೆದೋ ಪೂರ್ತಿ ಖಾಲಿ ಮಾಡಿಸಿ, ತಳವನ್ನು ನೋಡಿ, ಫಿಲ್ಟರ್ ಬದಲಾಯಿಸಿ. ಈ ಕೆಲಸ ಬಯಲಿನಲ್ಲಿ, ಬೆಂಕಿಯ ಕಿಡಿಯಿಂದ ದೂರ ನಡೆಯಬೇಕು. ಕೊಳವೆ ಇಟ್ಟು ಬಾಯಿಯಿಂದ ಎಳೆಯಲು ಯಾರಾದರೂ ಹೊರಟರೆ ಬಿಡಲೇಬೇಡಿ, ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಡೀಸೆಲ್ ಗಾಡಿಯವರೂ ನಿಶ್ಚಿಂತರಾಗಬೇಕಿಲ್ಲ. ನೀರು ಮತ್ತು ಡೀಸೆಲ್ ಸೇರುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರನ್ನು ಮುಚ್ಚಿಬಿಡುತ್ತವೆ.

ಸುಟ್ಟ ಕೂದಲಿನ ವಾಸನೆ ಎಂದೆನಲ್ಲ, ಅದು ಇಲಿಯ ಗೂಡು. ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಸೀಟಿನ ಹತ್ತಿ, ಹೊದಿಕೆಯ ಚಿಂದಿ ತುಂಬಿಕೊಂಡಿತ್ತು. ಎಕ್ಸಾಸ್ಟ್ ಪೈಪಿನ ಮೇಲಿದ್ದ ಒಂದು ಕಂತೆ ಕರಕಲಾಗಿತ್ತು. ಅದರ ಪಕ್ಕದಲ್ಲಿಯೇ ಮೂರು ವೈರ್‌ಗಳ ರಬ್ಬರನ್ನು ಇಲಿ ಕಡಿದು ತಾಮ್ರ ಹೊರಗೆ ಕಾಣುತ್ತಿತ್ತು. ಹಳೆಯ ಪೆಟ್ರೋಲ್, ಒಣಗಿದ ಗೂಡು, ಬರಿದಾದ ವೈರ್ ಮೂರೂ ಒಂದೇ ಬಾನೆಟ್ ಕೆಳಗೆ ಇದ್ದವು. ಆದ್ದರಿಂದ ಕೀಲಿ ತಿರುಗಿಸುವ ಮೊದಲು ಏರ್ ಫಿಲ್ಟರ್ ಪೆಟ್ಟಿಗೆ, ಎಸಿ ಬ್ಲೋವರ್, ಬ್ಯಾಟರಿಯ ಕೆಳಗಿನ ಸಂದು, ಎಕ್ಸಾಸ್ಟ್ ಸುತ್ತಮುತ್ತ ಎಲ್ಲವನ್ನೂ ಟಾರ್ಚ್ ಹಾಕಿ ನೋಡಿ. ಗೂಡು ತೆಗೆಯುವಾಗ ಮಾಸ್ಕ್, ಕೈಗವಸು ಇರಲಿ, ಸೋಂಕುನಾಶಕದಿಂದ ಒದ್ದೆ ಮಾಡಿ ತೆಗೆಯಿರಿ. ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್‌ನಂಥ ಕಾಯಿಲೆ ಬರುತ್ತದೆ.

ಇಂಜಿನ್ನನ್ನು ಮೊದಲು ಕೈಯಿಂದ ತಿರುಗಿಸಿ ನೋಡಬೇಕು. ಬಹುಕಾಲ ನಿಂತ ಗಾಡಿಯಲ್ಲಿ ಸಿಲಿಂಡರ್ ಗೋಡೆಗಳ ಆಯಿಲ್ ಬಹುಪಾಲು ಜಾರಿ ಕೆಳಗಿಳಿದಿರುತ್ತದೆ, ಪಿಸ್ಟನ್ ರಿಂಗುಗಳು ತುಕ್ಕಿನಿಂದ ಕಚ್ಚಿರಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ರಂಧ್ರಕ್ಕೂ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು, ಕೆಲವು ಗಂಟೆ ಬಿಟ್ಟು, ಕ್ರ್ಯಾಂಕ್ ಪುಲ್ಲಿಯ (ಇಂಜಿನ್ನಿನೊಡನೆ ತಿರುಗುವ ಬೆಲ್ಟಿನ ಗಾಲಿ) ಬೋಲ್ಟಿಗೆ ಸ್ಪ್ಯಾನರ್ ಹಾಕಿ ಇಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ಎರಡು ಸುತ್ತು ತಿರುಗಿಸಬೇಕು. ತಡೆ ಬಂದರೆ ಬಲ ಹಾಕಕೂಡದು. ಸಲೀಸಾಗಿ ತಿರುಗಿದರೆ ಹೊಸ ಇಂಜಿನ್ ಆಯಿಲ್ ತುಂಬಿ, ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು, ಪ್ಲಗ್‌ಗಳಿಲ್ಲದೆಯೇ ಸ್ಟಾರ್ಟರ್‌ನಿಂದ ತುಸು ಹೊತ್ತು ಸುತ್ತಿಸಿದರೆ ಆಯಿಲ್ ಮೇಲೇರುತ್ತದೆ. ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಸುತ್ತಿಸಬಾರದು, ಸ್ಟಾರ್ಟರ್ ಬಿಸಿಯಾಗುತ್ತದೆ. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್ನಿನ ಲಯಕ್ಕೆ ಓಡಿಸುವ ಬೆಲ್ಟ್) ಇರುವ ಗಾಡಿಯಾದರೆ ಎಷ್ಟು ಓಡಿದೆ ಎಂಬುದಕ್ಕಿಂತ ಬೆಲ್ಟಿಗೆ ಎಷ್ಟು ವಯಸ್ಸಾಗಿದೆ ಎಂದು ನೋಡಿ. ಎಷ್ಟೋ ಇಂಜಿನ್‌ಗಳಲ್ಲಿ ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಕೂಲೆಂಟ್ ಹೇಗೂ ಬದಲಾಗಲಿ.

ಪೂರ್ತಿ ಸತ್ತ ಬ್ಯಾಟರಿಗೆ ಜಂಪ್ ಕೊಟ್ಟು, ‘ಓಡಿಸಿದರೆ ಚಾರ್ಜ್ ಆಗುತ್ತದೆ’ ಎನ್ನುವುದೂ ತಪ್ಪು ಸಲಹೆ. ಚಾರ್ಜ್ ತುಂಬಿದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ತಿಂಗಳುಗಟ್ಟಲೆ ಖಾಲಿ ಬಿದ್ದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ, ಅದು ಸಾಮಾನ್ಯವಾಗಿ ಮೊದಲಿನಂತೆ ಆಗುವುದಿಲ್ಲ. ಅದನ್ನು ತುಂಬಿಸಲು ಹೋಗಿ, ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಸಿಯಾಗಿ ಹಾಳಾಗಬಹುದು. ಬ್ಯಾಟರಿಯನ್ನು ಬಿಚ್ಚಿ ಚಾರ್ಜರ್‌ಗೆ ಹಾಕಿ, ಚಾರ್ಜ್ ನಿಲ್ಲದಿದ್ದರೆ ಹೊಸದನ್ನೇ ಹಾಕಿಸಿ.

‘ತಿಂಗಳಿಗೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಸಾಕಾಗಿತ್ತು’ ಎಂದು ಬಂದವರೆಲ್ಲ ಚಿಕ್ಕಪ್ಪನಿಗೆ ಬುದ್ಧಿ ಹೇಳಿದರು. ನನ್ನ ಮಟ್ಟಿಗೆ ಅದು ಕೆಟ್ಟ ಅಭ್ಯಾಸ. ಅಷ್ಟರಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಉರಿದಾಗ ಹುಟ್ಟಿದ ನೀರಾವಿ ಆಯಿಲ್‌ನಲ್ಲಿ, ಸೈಲೆನ್ಸರಿನಲ್ಲಿ ನೀರಾಗಿ ಉಳಿಯುತ್ತದೆ, ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜ್ ಸಹ ಬ್ಯಾಟರಿಗೆ ಸರಿಯಾಗಿ ಮರಳುವುದಿಲ್ಲ. ಓಡಿಸುವುದಾದರೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ. ಆಗದಿದ್ದರೆ ಬ್ಯಾಟರಿ ಬಿಚ್ಚಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರಿನಲ್ಲಿಟ್ಟು, ಚಕ್ರಕ್ಕೆ ಅಡೆ ಕೊಟ್ಟು ನಿಲ್ಲಿಸಿ.

ಎಲ್ಲ ಮುಗಿದು ಸ್ಟಾರ್ಟ್ ಮಾಡುವಾಗ ಗಾಡಿ ಶೆಡ್ಡಿನ ಹೊರಗಿರಲಿ. ಮುಚ್ಚಿದ ಜಾಗದಲ್ಲಿ ಹೊಗೆಯೊಡನೆ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೊಲ್ಲುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ಓದಿ. 2318 ಎಂದಿದ್ದರೆ 2018ರ 23ನೆಯ ವಾರ ತಯಾರಾದದ್ದು. ಬಿರುಕು ಬಿಟ್ಟಿದ್ದರೆ ಗಾಳಿ ನಿಂತರೂ ನಂಬಬೇಡಿ. ರಸ್ತೆಗೆ ಇಳಿಯುವ ಮೊದಲು ಇಂಜಿನ್ ಓಡುತ್ತಿರುವಾಗ ಬ್ರೇಕ್ ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿಹಿಡಿಯಿರಿ. ನಿಧಾನವಾಗಿ ಕೆಳಗಿಳಿದರೆ ಗಾಡಿ ಕದಲಕೂಡದು. ಆಮೇಲೆ ಸಮತಟ್ಟಾದ ಖಾಲಿ ಜಾಗದಲ್ಲಿ ನಿಧಾನವಾಗಿ ಸ್ವಲ್ಪ ದೂರ ಓಡಿಸಿ, ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ, ಡಿಸ್ಕನ್ನಾಗಲಿ ಡ್ರಮ್ಮನ್ನಾಗಲಿ ಮುಟ್ಟಬೇಡಿ. ಒಂದೇ ಚಕ್ರ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿದೆ ಎಂದೇ ಅರ್ಥ. ಚಿಕ್ಕಪ್ಪನ ಗಾಡಿಗೆ ಹೊಸ ಶೂ, ಹೊಸ ಸಿಲಿಂಡರ್ ಹಾಕಿದ ಮೇಲೂ ಹಿಂದಿನ ಎಡಚಕ್ರ ಬಿಸಿಯಾಯಿತು. ಮತ್ತೆ ಬಿಚ್ಚಿ ನೋಡಿದರೆ ಹ್ಯಾಂಡ್‌ಬ್ರೇಕ್ ಕೇಬಲ್ ತನ್ನ ಕೊಳವೆಯೊಳಗೇ ತುಕ್ಕು ಹಿಡಿದು, ಲಿವರ್ ಬಿಟ್ಟರೂ ಹಿಂದಕ್ಕೆ ಸರಿಯುತ್ತಿರಲಿಲ್ಲ. ಬ್ರೇಕ್ ಬಿಚ್ಚಿಸುವಾಗ ಆ ಕೇಬಲನ್ನೂ ಎಳೆದು ನೋಡಲು ಹೇಳಿ.