ಎಸ್‌ವಿಎನ್‌ನಿಂದ ಗಿಟ್‌ಗೆ: ಕೆಡಿಇಯವರ ಹಳೆ ಟೂಲೇ ನನಗೆ ಸಾಕು

ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಹಳೆ ವ್ಯವಸ್ಥೆ ಸಬ್‌ವರ್ಷನ್ (ಎಸ್‌ವಿಎನ್). ಅದರಲ್ಲಿದ್ದ ಹಳೆ ಪ್ರಾಜೆಕ್ಟ್‌ಗಳನ್ನು ಹಿಸ್ಟರಿ ಸಮೇತ, ಅದೇ ಕೆಲಸದ ಹೊಸ ವ್ಯವಸ್ಥೆಯಾದ ಗಿಟ್‌ಗೆ ತರಲು ನಾನು ವರ್ಷಗಳಿಂದ ಬಳಸುತ್ತಿರುವುದು 'ಎಸ್‌ವಿಎನ್-ಆಲ್-ಫಾಸ್ಟ್-ಎಕ್ಸ್‌ಪೋರ್ಟ್'. ಲಿನಕ್ಸ್ ಡೆಸ್ಕ್‌ಟಾಪ್ ತಯಾರಿಸುವ ಕೆಡಿಇ ಬಳಗ ತನ್ನ ಭಾರೀ ರೆಪೊಸಿಟರಿಯನ್ನು (ಕೋಡ್ ಮತ್ತು ಹಿಸ್ಟರಿಯ ಸಂಗ್ರಹ) ಒಡೆದು ಗಿಟ್‌ಗೆ ಸಾಗಿಸಿದ್ದು ಇದರಲ್ಲೇ. ಉಚಿತ. 'ಎಸ್‌ವಿಎನ್-ಟು-ಗಿಟ್' ಎಂದೂ ಕರೆಯುತ್ತಾರೆ. ಅದೇ ಹೆಸರಿನ ರೂಬಿ ಟೂಲ್ ಬೇರೆ, ಅದು ಒಳಗೆ ಗಿಟ್‌ನದೇ ಟೂಲ್ ಆದ ಗಿಟ್-ಎಸ್‌ವಿಎನ್ ಅನ್ನೇ ಓಡಿಸುತ್ತದೆ.

ಗಿಟ್-ಎಸ್‌ವಿಎನ್ ಸರ್ವರ್‌ನಿಂದ ಒಂದೊಂದೇ ರಿವಿಷನ್ (ನಂಬರ್ ಹಾಕಿದ ಬದಲಾವಣೆ) ಎಳೆದು ತರುತ್ತದೆ, ದೊಡ್ಡ ಹಿಸ್ಟರಿ ಇದ್ದರೆ ರಾತ್ರಿಯಿಡೀ ಕಾಯಬೇಕು. ಎಸ್‌ವಿಎನ್-ಆಲ್-ಫಾಸ್ಟ್-ಎಕ್ಸ್‌ಪೋರ್ಟ್‌ಗಾದರೆ ರೆಪೊಸಿಟರಿ ನಮ್ಮ ಡಿಸ್ಕ್‌ನಲ್ಲೇ ಇರಬೇಕು. ಸಬ್‌ವರ್ಷನ್‌ನದೇ ಟೂಲ್ ಎಸ್‌ವಿಎನ್‌ಸಿಂಕ್‌ನಿಂದ ಒಂದು ಮಿರರ್ (ಪೂರ್ತಿ ನಕಲು) ಮಾಡಿಕೊಂಡರೆ ಮುಗೀತು, ಊಟ ಮಾಡಿ ಬರುವಷ್ಟರಲ್ಲಿ ಕೆಲಸ ಆಗಿರುತ್ತದೆ. ಈ ವೇಗ ಸುಮ್ನೆ ಅಲ್ಲ. ನಿಯಮ ತಿದ್ದಿ ಮತ್ತೆ ಮೊದಲಿನಿಂದ ಓಡಿಸುವುದು ಇಲ್ಲಿ ದಿನದ ಪಾಡು.

ನಿಜವಾದ ಕೆಲಸ ಇರುವುದು ಆ ನಿಯಮಗಳ ಫೈಲ್‌ನಲ್ಲಿ. ಯಾವ ಫೋಲ್ಡರ್ ಯಾವ ಬ್ರಾಂಚ್‌ಗೆ (ಕೋಡ್‌ನ ಕವಲಿಗೆ) ಹೋಗಬೇಕು ಅಂತ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದ ಮಾದರಿ ಹೊಂದಿಸುವ ಸೂತ್ರದಲ್ಲಿ) ಬರೆಯಬೇಕು. ಮೊದಲು ಹೊಂದಿದ ನಿಯಮವೇ ಲೆಕ್ಕ, ಹಾಗಾಗಿ ಸಾಲುಗಳ ಕ್ರಮ ನೋಡಿಕೊಳ್ಳಿ. ಯಾವ ನಿಯಮಕ್ಕೂ ಸಿಗದ ಪಾತ್ ಬಂದರೆ ಟೂಲ್ ಅಲ್ಲೇ ನಿಂತುಬಿಡುತ್ತದೆ. ಹೊಸಬರಿಗೆ ಇದು ಕಿರಿಕಿರಿ, ನನಗೆ ಮಾತ್ರ ಇದೇ ದೊಡ್ಡ ಗುಣ. ಹಳೆ ರೆಪೊಸಿಟರಿಗಳಲ್ಲಿ ಏನೇನೋ ಇರುತ್ತದೆ ಅಲ್ವಾ? ಮುಖ್ಯ ಕೋಡ್ ಇರಬೇಕಾದ ಟ್ರಂಕ್ ಫೋಲ್ಡರೇ ಇಲ್ಲದೆ ಶುರುವಾದ ಪ್ರಾಜೆಕ್ಟ್, ಬ್ರಾಂಚ್ ಒಳಗೆ ಇನ್ನೊಂದು ಬ್ರಾಂಚ್, ಟ್ಯಾಗ್ (ರಿಲೀಸ್‌ಗೆ ಹಾಕುವ ಗುರುತು) ಮಾಡಿದ ಮೇಲೂ ಅದರೊಳಗೆ ಕಮಿಟ್ (ಹೊಸ ಬದಲಾವಣೆ). ಇಂಥದ್ದಕ್ಕೆ 'ಈ ರಿವಿಷನ್‌ವರೆಗೆ ಹೀಗೆ, ಆಮೇಲೆ ಹಾಗೆ' ಅಂತ ಮಿತಿ ಹಾಕಬಹುದು. ಗಿಟ್-ಎಸ್‌ವಿಎನ್‌ನಲ್ಲಿ ಇದನ್ನು ಮಾಡಿಸುವುದು ತಲೆನೋವು.

ಇನ್ನೊಂದು ಉಪಯೋಗ: ಮೆಟಾಡೇಟಾ ಆಯ್ಕೆ ಆನ್ ಮಾಡಿದರೆ ಪ್ರತಿ ಕಮಿಟ್ ಸಂದೇಶದ ಕೆಳಗೆ ಹಳೆ ರಿವಿಷನ್ ನಂಬರ್ ಉಳಿಯುತ್ತದೆ. ಹಳೆ ಬಗ್ ಟಿಕೆಟ್‌ನಲ್ಲಿ '4512ರಲ್ಲಿ ಸರಿಪಡಿಸಿದೆ' ಅಂತ ಯಾರೋ ಬರೆದಿದ್ದರೆ ಹುಡುಕಲು ಇದೇ ಸುಲಭದ ದಾರಿ. ಯೂಸರ್‌ನೇಮ್‌ಗಳಿಗೆ ಹೆಸರು, ಇಮೇಲ್ ಹೊಂದಿಸುವ ಪಟ್ಟಿಯನ್ನೂ ಮೊದಲೇ ಸರಿಮಾಡಿ. ಆಮೇಲೆ ತಿದ್ದಿದರೆ ಕಮಿಟ್‌ಗಳನ್ನು ಗುರುತಿಸುವ ಹ್ಯಾಶ್‌ಗಳೆಲ್ಲ ಬದಲಾಗುತ್ತವೆ.

ಕೊರತೆಗಳೂ ಇವೆ. ಡಾಕ್ಯುಮೆಂಟೇಶನ್ ತೀರಾ ತೆಳು, ಸ್ಯಾಂಪಲ್ ಫೈಲ್ ನೋಡಿಯೇ ಕಲಿಯಬೇಕು. ಬಂದದ್ದು ಸರಿ ಇದೆಯಾ ಅಂತ ಪರೀಕ್ಷಿಸುವುದೂ ನಮ್ಮ ತಲೆಗೇ. ನಾನು ಪ್ರತಿ ರಿಲೀಸ್ ಟ್ಯಾಗನ್ನೂ ಎರಡೂ ಕಡೆಯಿಂದ ತೆಗೆದು ಡಿಫ್ ಮಾಡಿ ಹೋಲಿಸುತ್ತೇನೆ. ಫೈಲ್ ಒಳಗೆ ರಿವಿಷನ್, ದಿನಾಂಕ ತಾನೇ ತುಂಬುವ ಎಸ್‌ವಿಎನ್ ಕೀವರ್ಡ್‌ಗಳನ್ನು ಆಫ್ ಮಾಡದಿದ್ದರೆ ಸುಳ್ಳು ವ್ಯತ್ಯಾಸ ಜಾಸ್ತಿ ಕಾಣುತ್ತದೆ. ಖಾಲಿ ಫೋಲ್ಡರ್‌ಗಳನ್ನು ಗಿಟ್ ಇಟ್ಟುಕೊಳ್ಳುವುದೇ ಇಲ್ಲ.

ಜಿಸಿಸಿ ಕಂಪೈಲರ್‌ನವರು 2020ರ ಜನವರಿಯಲ್ಲಿ ಗಿಟ್‌ಗೆ ಬಂದಾಗ ಬಳಸಿದ್ದು ರೆಪೊಸರ್ಜನ್ ಎಂಬ ಇನ್ನೊಂದು ಟೂಲ್. ಅದರ ಶಕ್ತಿ ದೊಡ್ಡದು, ಕಲಿಯುವ ಶ್ರಮವೂ ಅಷ್ಟೇ. ನಿಮ್ಮದು ಟ್ರಂಕ್, ಬ್ರಾಂಚ್, ಟ್ಯಾಗ್ ಅಂತ ನೀಟಾಗಿರುವ ಪುಟ್ಟ ರೆಪೊಸಿಟರಿಯಾದರೆ ಇವೆರಡೂ ಬೇಡ, ಗಿಟ್-ಎಸ್‌ವಿಎನ್ ಸಾಕು. ಡೆಬಿಯನ್ ಲಿನಕ್ಸ್‌ನಲ್ಲಿ ಎಸ್‌ವಿಎನ್-ಆಲ್-ಫಾಸ್ಟ್-ಎಕ್ಸ್‌ಪೋರ್ಟ್‌ನ ಪ್ಯಾಕೇಜ್ ಸಿಗುತ್ತದೆ. ವಿಂಡೋಸ್‌ನವರು ನೇರವಾಗಿ ಕಂಪೈಲ್ ಮಾಡಲು ಹೋಗದೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಹಾಕಿಕೊಳ್ಳಿ.