ಪದ್ಮಿನಿ ರಿಪೇರಿಗೆ ಬಿಡಿ ಸ್ಪೇರಾ, ಇನ್ನೊಂದು ಗಾಡಿಯಾ?

ಮಂಗಳೂರಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಪ್ರೀಮಿಯರ್ ಪದ್ಮಿನಿ ಕಾರನ್ನು ಮತ್ತೆ ಓಡಿಸಬೇಕಾ? ಮೊದಲು ಮ್ಯಾಟ್ ಎತ್ತಿ, ಫ್ಲೋರಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಬಾಗಿಲ ಕೆಳಗಿನ ಪಟ್ಟಿಗೂ ಒತ್ತಿ. ಚುಚ್ಚಿಕೊಂಡು ಒಳಹೋದರೆ ತುಕ್ಕು ಒಳಗಿಂದಲೇ ತಿಂದಿದೆ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಸುಮ್ನೆ ಬಿಡುತ್ತವಾ?

ತಗಡು ಗಟ್ಟಿಯಿದ್ದರೆ ಬಿಡಿ ಸ್ಪೇರ್ ಸಾಕು. ದುಡ್ಡೂ ಸ್ವಲ್ಪಸ್ವಲ್ಪವೇ ಹೋಗುತ್ತದೆ.

ಬಾಡಿಯೇ ಹೋಗಿದ್ದರೆ ಬಿಚ್ಚಲೆಂದೇ ಇನ್ನೊಂದು ಪದ್ಮಿನಿ ತರುವುದು ವಾಸಿ. ಬಾಗಿಲು, ಬಾನೆಟ್, ಗ್ಲಾಸು, ಕ್ರೋಮ್ ಪಟ್ಟಿ, 1089 ಸಿಸಿ ಎಂಜಿನ್ನಿನ ಭಾಗಗಳು ಎಲ್ಲ ಒಟ್ಟಿಗೆ ಸಿಗುತ್ತವೆ. ಯಾವ ಬೋಲ್ಟ್ ಎಲ್ಲಿ ಕೂರುತ್ತದೆ ಅಂತ ನೋಡಲು ಕಣ್ಣೆದುರೇ ಮಾದರಿ ಇರುತ್ತದೆ. ನನಗೆ ಅದೇ ದೊಡ್ಡ ಲಾಭ. ಆದರೆ ಉಡುಪಿಯ ಗಾಡಿ ತಂದರೆ ಅದೇ ತುಕ್ಕು ಅಲ್ವಾ? ಬಳ್ಳಾರಿ, ಚಿತ್ರದುರ್ಗದ ಒಣಹವೆಯದ್ದು ಹುಡುಕಿ. ಗೇರ್ ಲಿವರ್ ಸ್ಟೀರಿಂಗ್ ಪಕ್ಕದ್ದಾ, ಫ್ಲೋರಿನದ್ದಾ, ನಿಮ್ಮದಕ್ಕೆ ಹೊಂದುತ್ತದಾ ನೋಡಿಕೊಳ್ಳಿ, ಎರಡೂ ಬಗೆ ಬಂದಿವೆ. ಎರಡು ಕಾರಿಗೆ ಸೂರು ಬೇಕು, ಅದೂ ಮಳೆಗಾಲಕ್ಕೆ ಮೊದಲೇ.

ಕಾಗದ ಮರೆಯಬೇಡಿ. ನಿಮ್ಮ ಚಾಸಿಸ್ ನಂಬರ್ ಮುಟ್ಟಲೇಬಾರದು. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ಸೇರಿಸಿ. ಬಿಚ್ಚಿ ಮುಗಿಸಿದ ಗಾಡಿಯ ವಿಷಯ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಅದರ ಆರ್‌ಸಿ ರದ್ದು ಮಾಡಿಸಿ.