ಎಂಟಕ್ಕೆ ಎಂಟೋ, ಎಂಟಕ್ಕೆ ಹದಿನಾರೋ?

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಕಲೆಗಳನ್ನು ಅಳಿಸಿ, ಟೆಸರಾಕ್ಟ್ ತಂತ್ರಾಂಶದಿಂದ ಅಕ್ಷರಗಳನ್ನು ಹೊರತೆಗೆಯುವುದು ನನ್ನ ಸಂಜೆಯ ಕೆಲಸ. ಎ4 ಅಳತೆಯ ಒಂದು ಬಣ್ಣದ ಪುಟವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಗಳಂತೆ, ಸ್ಕ್ಯಾನ್ ಮಾಡಿದರೆ ಅದರಲ್ಲಿ ಸುಮಾರು 3.5 ಕೋಟಿ ಪಿಕ್ಸೆಲ್‌ಗಳಿರುತ್ತವೆ. ಡಿಸ್ಕಿನ ಮೇಲೆ ಅದು ಚಿಕ್ಕ ಕಡತವಾಗಿ ಕಂಡರೂ ತೆರೆದೊಡನೆ ಮೆಮೊರಿಯಲ್ಲಿ ನೂರು ಮೆಗಾಬೈಟ್ ದಾಟುತ್ತದೆ. ಚಿತ್ರ ತಿದ್ದುವ ಜಿಂಪ್ ತಂತ್ರಾಂಶದಲ್ಲಿ ಅದಕ್ಕೆ ಮೂರು ನಾಲ್ಕು ಪದರ (ಲೇಯರ್) ಸೇರಿಸಿ, ಅಂಥ ಹತ್ತಾರು ಪುಟಗಳನ್ನು ಒಟ್ಟಿಗೆ ತೆರೆದಿಟ್ಟುಕೊಂಡರೆ ನನ್ನ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ 8 ಜಿಬಿ ರ‍್ಯಾಮ್ ಎಲ್ಲಿಗೂ ಸಾಲುತ್ತಿರಲಿಲ್ಲ. ಮೌಸ್ ಒತ್ತಿ ಪರದೆ ಬದಲಾಗುವವರೆಗೆ ಕಾಫಿ ಲೋಟ ಖಾಲಿಯಾಗುತ್ತಿತ್ತು.

ನನ್ನದು ಇಂಟೆಲ್ ಐ5-8400 ಪ್ರೊಸೆಸರ್, ಎಚ್310 ಮದರ್‌ಬೋರ್ಡ್, ರ‍್ಯಾಮ್‌ಗೆ ಎರಡೇ ಸ್ಲಾಟ್. ಒಂದರಲ್ಲಿ ಡಿಡಿಆರ್4 ಮಾದರಿಯ, 2666 ವೇಗದ 8 ಜಿಬಿ ಸ್ಟಿಕ್ ಇತ್ತು; ಇನ್ನೊಂದು ಖಾಲಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 16 ಜಿಬಿ ಕೇಳಿದಾಗ ಅಂಗಡಿಯವರು ತಡೆದರು. "ಎಂಟರ ಪಕ್ಕ ಹದಿನಾರು ಹಾಕಬೇಡಿ ಸರ್, ಡ್ಯುಯಲ್ ಚಾನೆಲ್ ಕೆಲಸ ಮಾಡುವುದಿಲ್ಲ, ಇನ್ನೊಂದು ಎಂಟನ್ನೇ ತೆಗೆದುಕೊಳ್ಳಿ" ಎಂದರು. ಚಾನೆಲ್ ಎಂದರೆ ಪ್ರೊಸೆಸರಿಗೂ ಮೆಮೊರಿಗೂ ನಡುವಿನ ದಾರಿ; ಅಂಥ ಎರಡು ದಾರಿಗಳು ಒಟ್ಟಿಗೆ ದುಡಿಯುವುದೇ ಡ್ಯುಯಲ್ ಚಾನೆಲ್. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಭಯ ಇದು. ನಾನೂ ಬಹಳ ಕಾಲ ಇದನ್ನೇ ನಂಬಿದ್ದೆ. ಆದರೂ 16 ಜಿಬಿಯನ್ನೇ ತಂದೆ. ಮಗಳ ಕಂಪ್ಯೂಟರ್ ನನ್ನದರ ಜೊತೆಯಲ್ಲೇ ಕೊಂಡದ್ದು, ಅದರೊಳಗೂ ಅದೇ ತಯಾರಿಕೆಯ 8 ಜಿಬಿ ಸ್ಟಿಕ್ ಇತ್ತು. ಅವಳನ್ನು ಒಪ್ಪಿಸಿ ಕೆಲವು ದಿನ ಅದನ್ನು ಎರವಲು ಪಡೆದೆ. ಹೀಗೆ ಮೂರು ಜೋಡಣೆಗಳನ್ನು ಒಂದೇ ಯಂತ್ರದಲ್ಲಿ, ಒಂದೇ ಕೆಲಸಕ್ಕೆ ಹಚ್ಚಿ ನೋಡುವ ಅವಕಾಶ ಸಿಕ್ಕಿತು: 16 ಒಂದೇ, 8ಕ್ಕೆ 8, 8ಕ್ಕೆ 16.

ಮೊದಲು 16 ಜಿಬಿಯನ್ನು ಒಂಟಿಯಾಗಿ ಹಾಕಿದೆ. ಪುಟ ತಿದ್ದುವ ಕೆಲಸ ಹಗುರವಾಯಿತು, ಅದರಲ್ಲಿ ಸಂಶಯವಿಲ್ಲ. ಆದರೆ ಮಗಳು ಬಂದು ಸೂಪರ್‌ಟಕ್ಸ್‌ಕಾರ್ಟ್ ಎಂಬ ಕಾರು ಓಟದ ಆಟ ಆಡಿದಾಗ ತಿರುವುಗಳಲ್ಲಿ ಚಿತ್ರ ತಡವರಿಸುತ್ತಿತ್ತು. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ನಮ್ಮ ಯಂತ್ರದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮಿನಿಂದಲೇ ಉಣ್ಣಬೇಕು. 2666 ವೇಗದ ಒಂದು ಚಾನೆಲ್ ಹೆಚ್ಚೆಂದರೆ ಸೆಕೆಂಡಿಗೆ 21.3 ಗಿಗಾಬೈಟ್ ಸಾಗಿಸಬಲ್ಲದು. ಎರಡು ಚಾನೆಲ್ ಒಟ್ಟಿಗೆ ದುಡಿದರೆ ಅದು 42.6 ಆಗುತ್ತದೆ. ಒಂಟಿ ಸ್ಟಿಕ್ ಹಾಕಿದವರು ಆ ಅರ್ಧವನ್ನು ಬಿಟ್ಟುಕೊಟ್ಟಂತೆ. ಹಳೆಯ 8 ಜಿಬಿಯನ್ನು ಮಾರಿ 16 ಒಂದನ್ನೇ ಇಟ್ಟುಕೊಳ್ಳಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಆಮೇಲೆ 8ಕ್ಕೆ 8. ಆಟ ನೀರು ಹರಿದಂತೆ ಸಾಗಿತು, ಮಗಳ ಮುಖ ಅರಳಿತು. ಟೆಸರಾಕ್ಟ್‌ಗೆ ಮಾತ್ರ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಅದು ಪ್ರೊಸೆಸರಿನ ಶಕ್ತಿಯನ್ನು ಕೇಳುವ ಕೆಲಸ. ನನಗೆ ತೊಂದರೆ ಎದುರಾದದ್ದು ಬೇರೆ ಕಡೆ. ಬ್ರೌಸರಿನಲ್ಲಿ ನಿಘಂಟು, ಪಕ್ಕದಲ್ಲಿ ಜಿಂಪ್, ಹಿಂದೆ ಟೆಸರಾಕ್ಟ್ ಓಡುತ್ತಿರುವಾಗ 16 ಜಿಬಿ ತುಂಬಿತು. ಟಾಸ್ಕ್ ಮ್ಯಾನೇಜರಿನ ಗೆರೆ ಮೇಲಂಚಿಗೆ ತಾಗಿತು, ಯಂತ್ರ ಎಸ್‌ಎಸ್‌ಡಿ ಡಿಸ್ಕನ್ನು ಆಶ್ರಯಿಸಿತು, ಮತ್ತೆ ಆ ಹಳೆಯ ಕಾಯುವಿಕೆ.

ಈಗ ಅಂಗಡಿಯವರು ಬೇಡವೆಂದ ಜೋಡಣೆ. ಮೊದಲ ಸಲ ಪವರ್ ಒತ್ತಿದಾಗ ಪರದೆ ಕಪ್ಪಾಗಿಯೇ ಉಳಿಯಿತು, ಎದೆ ಧಸಕ್ಕೆಂದಿತು. ಪ್ಲಗ್ ಕಿತ್ತು, ಎರಡೂ ಸ್ಟಿಕ್‌ಗಳನ್ನು ತೆಗೆದು, ಹಳೆಯದರ ಚಿನ್ನದ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿ, ಟಕ್ ಎಂದು ಸದ್ದಾಗುವವರೆಗೆ ಮತ್ತೆ ಒತ್ತಿದೆ. ಯಂತ್ರ ಎದ್ದಿತು, 24 ಜಿಬಿ ತೋರಿಸಿತು. ಹೊಸ ಸ್ಟಿಕ್ 3200 ವೇಗದ್ದಾಗಿದ್ದರೂ ಎರಡೂ 2666ರಲ್ಲೇ ಓಡುತ್ತಿದ್ದವು. ಜೊತೆಗೆ ಹಾಕಿದಾಗ ನಿಧಾನದ್ದರ ವೇಗಕ್ಕೆ ಇನ್ನೊಂದು ಇಳಿಯುತ್ತದೆ. ನನ್ನ ಪ್ರೊಸೆಸರಿನ ಮಿತಿಯೇ 2666 ಆದ್ದರಿಂದ ನಾನು ಕಳೆದುಕೊಂಡದ್ದೇನೂ ಇಲ್ಲ.

ಡ್ಯುಯಲ್ ಚಾನೆಲ್ ಏನಾಯಿತು? ಅದು ಸತ್ತಿರಲಿಲ್ಲ. ಇಂಟೆಲ್ ಇದನ್ನು ಫ್ಲೆಕ್ಸ್ ಮೋಡ್ ಎಂದು ಕರೆಯುತ್ತದೆ. 8 ಜಿಬಿಯ ಸ್ಟಿಕ್ಕಿಗೆ ಜೋಡಿಯಾಗಿ 16ರಲ್ಲಿನ 8 ಜಿಬಿ ಸೇರುತ್ತದೆ. ಆ 16 ಜಿಬಿಯಷ್ಟು ಭಾಗ ಎರಡೂ ಚಾನೆಲ್‌ಗಳಲ್ಲಿ ಓಡುತ್ತದೆ. ಉಳಿದ 8 ಜಿಬಿ ಮಾತ್ರ ಒಂಟಿ ಚಾನೆಲ್. ಅಂದರೆ 8ಕ್ಕೆ 8 ಹಾಕಿದವರಿಗೆ ಸಿಗುವ ವೇಗದ ಭಾಗವೇ ನನಗೂ ಸಿಕ್ಕಿದೆ, ಅದರ ಮೇಲೆ ಇನ್ನೊಂದು 8 ಜಿಬಿ ಬಂದಿದೆ. ಯಾವ ಪುಟ ಯಾವ ಭಾಗದಲ್ಲಿ ಕುಳಿತಿದೆ ಎಂಬುದು ನಮ್ಮ ಕೈಯಲ್ಲಿಲ್ಲ, ಇದು ನಿಜವಾದ ಕೊರತೆ. ಆದರೂ ಒಂಟಿ ಚಾನೆಲ್ಲಿನ ಆ ಭಾಗವನ್ನು ಎಸ್‌ಎಸ್‌ಡಿಯ ಪಕ್ಕ ಇಟ್ಟು ನೋಡಬೇಕು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದಿದರೆ ಅದೇ ಹೆಚ್ಚು. "ನಿಧಾನ" ಎಂದು ದೂರುವ ಆ 8 ಜಿಬಿಯ ವೇಗ ಅದರ ಮೂವತ್ತೆಂಟು ಪಟ್ಟು! ಮೆಮೊರಿ ತುಂಬಿ ಡಿಸ್ಕಿಗೆ ಇಳಿಯುವುದರ ಮುಂದೆ ಚಾನೆಲ್ ಜೋಡಿಯ ಕೊರತೆ ಏನೇನೂ ಅಲ್ಲ. ಹಿಂದೆ ಯಂತ್ರವನ್ನು ಕಟ್ಟಿಹಾಕಿದ್ದ ಅದೇ ಪುಟಗಳನ್ನು ತೆರೆದೆ, ಒಂದೂ ತಡವರಿಸಲಿಲ್ಲ. ಆಟದಲ್ಲೂ 8ಕ್ಕೆ 8 ಇದ್ದಾಗಿನದಕ್ಕಿಂತ ಕಡಿಮೆ ಎನ್ನುವಂಥದ್ದು ನಮ್ಮಿಬ್ಬರ ಕಣ್ಣಿಗೆ ಕಾಣಲಿಲ್ಲ.

ನಾಲ್ಕು ಸ್ಲಾಟ್ ಇರುವವರಿಗೆ ಇನ್ನೂ ಒಳ್ಳೆಯ ದಾರಿಯಿದೆ, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಸಮನಾಗಬೇಕಾದದ್ದು ಪ್ರತಿ ಚಾನೆಲ್ಲಿನ ಒಟ್ಟು ಮೊತ್ತ, ಒಂದೊಂದು ಸ್ಟಿಕ್ಕಿನ ಅಳತೆಯಲ್ಲ. ಒಂದು ಚಾನೆಲ್ಲಿನಲ್ಲಿ 8ಕ್ಕೆ 8, ಇನ್ನೊಂದರಲ್ಲಿ ಒಂದೇ 16 ಹಾಕಿದರೆ 32 ಜಿಬಿಯೂ ಡ್ಯುಯಲ್ ಚಾನೆಲ್ಲಿನಲ್ಲಿ ಓಡಬಲ್ಲದು. ಯಾವ ಸ್ಲಾಟ್ ಯಾವ ಚಾನೆಲ್ಲಿನದು ಎಂದು ಮದರ್‌ಬೋರ್ಡಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಅಕ್ಕಪಕ್ಕದ ಎರಡು ಸ್ಲಾಟ್‌ಗಳು ಸಾಮಾನ್ಯವಾಗಿ ಒಂದೇ ಚಾನೆಲ್ಲಿಗೆ ಸೇರಿರುತ್ತವೆ.

ಅಳತೆ ಬೇರೆಯಾದರೆ ನನಗೆ ಅಂಜಿಕೆಯಿಲ್ಲ. ಅಂಜಿಕೆ ಇರುವುದು ಬೇರೆ ಬೇರೆ ವೇಗದ, ಬೇರೆ ಬೇರೆ ವೋಲ್ಟೇಜಿನ ಸ್ಟಿಕ್‌ಗಳನ್ನು ಎಕ್ಸ್‌ಎಂಪಿ (ಮೆಮೊರಿಯ ವೇಗ ಹೆಚ್ಚಿಸುವ ಸಿದ್ಧ ಸೆಟ್ಟಿಂಗ್) ಹಾಕಿ ಎಳೆದಾಡುವುದರಲ್ಲಿ. ಡಿಡಿಆರ್4ರ ಸಾಮಾನ್ಯ ವೋಲ್ಟೇಜ್ 1.2, ವೇಗದ ಸ್ಟಿಕ್‌ಗಳು ಎಕ್ಸ್‌ಎಂಪಿಯಲ್ಲಿ ಹೆಚ್ಚಾಗಿ 1.35 ಕೇಳುತ್ತವೆ. ಎರಡನ್ನೂ ಕೂಡಿಸಿದವರು ಎಕ್ಸ್‌ಎಂಪಿಯನ್ನು ಮುಟ್ಟದೆ ಬಿಡುವುದು ಕ್ಷೇಮ. ಜೋಡಣೆ ಮುಗಿದ ರಾತ್ರಿ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಓಡಿಸಿ ಮಲಗಿದೆ. ಬೆಳಗ್ಗೆ ಎದ್ದಾಗ ಒಂದು ದೋಷವೂ ಇರಲಿಲ್ಲ. ಪುಸ್ತಕಗಳ ಪುಟಗಳನ್ನು ತಿದ್ದುವವನಿಗೆ ಈ ಪರೀಕ್ಷೆ ಬೇಕೇ ಬೇಕು. ಕೆಟ್ಟ ರ‍್ಯಾಮ್ ಸದ್ದಿಲ್ಲದೆ ಕಡತವನ್ನೇ ಕೆಡಿಸಬಹುದು, ಆ ಪುಸ್ತಕದ ಇನ್ನೊಂದು ಪ್ರತಿ ಎಲ್ಲಿಯೂ ಸಿಗದೇ ಹೋಗಬಹುದು.

ಹಾಗಾಗಿ ನನ್ನ ಯಂತ್ರದಲ್ಲಿ 8ಕ್ಕೆ 16 ಉಳಿಯಿತು. ಮಗಳ 8 ಜಿಬಿ ಅವಳ ಯಂತ್ರಕ್ಕೆ ಮರಳಿದೆ. ಅವಳಿಗೆ ಬೇಕಾದದ್ದು ಆಟ ಮತ್ತು ಶಾಲೆಯ ಪಾಠ. 24 ಜಿಬಿ ಅವಳಿಗೆ ವ್ಯರ್ಥ, ಒಂಟಿ ಸ್ಟಿಕ್ ಮಾತ್ರ ಅನ್ಯಾಯ. ಅವಳ ಖಾಲಿ ಸ್ಲಾಟಿಗೆ ಅದೇ ವೇಗದ ಇನ್ನೊಂದು 8 ಜಿಬಿ ತರಲು ಮುಂದಿನ ಶನಿವಾರ ಮತ್ತೆ ಎಸ್.ಪಿ. ರಸ್ತೆಗೆ ಹೋಗುತ್ತಿದ್ದೇನೆ.